ಕೆನರಾ ಕರಾವಳಿಯ ಹಳೆಯ ನಕ್ಷೆಗಳು: ಬೆಂಗಳೂರಿನಲ್ಲಿದ್ದುಕೊಂಡು ಸಂಗ್ರಹಿಸುವುದು ಹೇಗೆ

ಹೊನ್ನಾವರದಿಂದ, ಕುಂದಾಪುರದಿಂದ, ಕಾರವಾರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ನಮ್ಮ ಊರಿನ ಹೆಸರಿರುವ ಹಳೆಯ ನಕ್ಷೆ ಎಲ್ಲಿ ಸಿಗುತ್ತದೆ? ಅದು ಅಸಲಿ ಎಂದು ತಿಳಿಯುವುದು ಹೇಗೆ? ಮನೆಗೆ ತಂದ ಮೇಲೆ ಕೆಡದಂತೆ ಇಡುವುದು ಹೇಗೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಸಮುದ್ರವಿಲ್ಲದ ಊರಿನಲ್ಲಿ ಕುಳಿತು ಕಡಲ ನಕ್ಷೆ ಕೂಡಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಕೊಳ್ಳುವುದಕ್ಕೆ ಮೊದಲು ಓದಲು ಕಲಿಯಬೇಕು, ಅಷ್ಟೇ. ಓದಲು ಬಾರದ ನಕ್ಷೆಯನ್ನು ಕೊಂಡವರು ಗೋಡೆಗೆ ಚಂದದ ಚಿತ್ರವೊಂದನ್ನು ತಂದಿರುತ್ತಾರೆ, ಎಷ್ಟೋ ಸಲ ಆ ಚಿತ್ರವೂ ಅಸಲಿಯಾಗಿರುವುದಿಲ್ಲ.

ಮೊದಲು ಬೇಕಾಗುವ ಸಾಮಾನು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುವಂಥದ್ದು ಸಾಕು. ನೋಟು ಪರೀಕ್ಷಿಸುವ ನೇರಳಾತೀತ ಬೆಳಕಿನ ಸಣ್ಣ ಟಾರ್ಚ್. ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ. ಮೆತ್ತನೆಯ ಪೆನ್ಸಿಲ್, ಒಂದು ನೋಟ್‌ಬುಕ್. ಹಳೆಯ ಹಾಳೆಯ ಹತ್ತಿರ ಶಾಯಿ ಪೆನ್ನು ತರಲೇಬೇಡಿ.

1. ಒಂದು ತುಂಡು ಕರಾವಳಿಯನ್ನು ಆರಿಸಿಕೊಳ್ಳಿ

‘ಭಾರತದ ಹಳೆಯ ನಕ್ಷೆಗಳು’ ಎಂದು ಹೊರಟರೆ ಹಣವೂ ತಿಳಿವಳಿಕೆಯೂ ಚದುರಿಹೋಗುತ್ತವೆ. ಕಾರವಾರದಿಂದ ಹೊನ್ನಾವರದವರೆಗೆ ಅಥವಾ ಬಸರೂರಿನಿಂದ ಮಂಗಳೂರಿನವರೆಗೆ ಎಂದು ಒಂದು ಪಟ್ಟಿಯನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ಊರಿನ ಸುತ್ತಲಿನದೇ ಆದರೆ ಒಳ್ಳೆಯದು, ಏಕೆಂದರೆ ಯಾವ ಗುಡ್ಡ ಎಲ್ಲಿದೆ, ಯಾವ ಅಳಿವೆ ಎತ್ತ ತಿರುಗಿದೆ ಎಂಬುದು ನಿಮಗೆ ಆಗಲೇ ಗೊತ್ತಿರುತ್ತದೆ. ಮಾರುವವನಿಗೆ ಆ ತಿಳಿವಳಿಕೆ ಇರುವುದಿಲ್ಲ. ಚೌಕಾಸಿಗೆ ಕೂತಾಗ ನಿಮ್ಮ ಕೈಯಲ್ಲಿರುವ ಬಲ ಅದೊಂದೇ.

ಜೊತೆಗೆ ಕಾಲದ ಗಡಿಯನ್ನೂ ಹಾಕಿಕೊಳ್ಳಿ. ಹದಿನಾರು, ಹದಿನೇಳನೆಯ ಶತಮಾನದ ಹಾಳೆಗಳು ದುಬಾರಿ, ಅವುಗಳಲ್ಲಿ ನಮ್ಮ ಕರಾವಳಿ ಬೆರಳುದ್ದ ಮಾತ್ರ ಇರುತ್ತದೆ. ಹದಿನೆಂಟನೆಯ ಶತಮಾನದ ನಡುವಿನಿಂದ ಹತ್ತೊಂಬತ್ತನೆಯದರ ಕೊನೆಯವರೆಗಿನ ಹಾಳೆಗಳಲ್ಲಿ ವಿವರವೂ ಹೆಚ್ಚು, ಬೆಲೆಯೂ ಕೈಗೆಟುಕುತ್ತದೆ. ಹೊಸಬರಿಗೆ ನಾನು ಹೇಳುವುದು ಈ ಅವಧಿಯನ್ನೇ.

2. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಆರು ತಿಂಗಳು ನೋಡಿ

ಡೇವಿಡ್ ರಮ್ಸೆ ನಕ್ಷಾ ಸಂಗ್ರಹ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವೆಲ್ಲ ತಮ್ಮ ಹಳೆಯ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ದೊಡ್ಡದು ಮಾಡಿ ನೋಡಿದರೆ ಕೆತ್ತನೆಯ ಗೆರೆ ಗೆರೆಯೂ ಕಾಣುತ್ತದೆ. ಪ್ರತಿ ನಕ್ಷೆಯ ಅಳತೆಯನ್ನೂ ಅಲ್ಲಿ ಬರೆದಿರುತ್ತಾರೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಹುಡುಕುವುದಕ್ಕೆ ಹಳೆಯ ಹೆಸರುಗಳು ಗೊತ್ತಿರಬೇಕು. ‘ಹೊನ್ನಾವರ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಅದು ಅಲ್ಲಿ ಓನೋರ್. ಭಟ್ಕಳ ಬಟಿಕಾಲಾ ಆಗಿದೆ. ಬಸರೂರು ಬಾರ್ಸೆಲೋರ್, ಬಾರ್ಕೂರು ಬಕನೋರ್. ಈ ಎರಡನ್ನು ಮಾರುವವರು ಒಂದಕ್ಕೊಂದು ಬೆರೆಸುವುದು ಸಾಮಾನ್ಯ. ಮಿರ್ಜಾನ್ ಕೋಟೆಯ ಊರು ಮಿರ್ಜಿ ಎಂದೂ ಗೇರುಸೊಪ್ಪೆ ಗರ್ಸೊಪ್ಪಾ ಎಂದೂ ಕಾಣುತ್ತವೆ. ಮುರುಡೇಶ್ವರದ ಎದುರಿನ ನೇತ್ರಾಣಿ ಬ್ರಿಟಿಷ್ ಚಾರ್ಟುಗಳಲ್ಲಿ (ಹಡಗಿನವರ ಕಡಲ ನಕ್ಷೆಗಳಲ್ಲಿ) ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ. ಹೊನ್ನಾವರದ ಬಸವರಾಜ ದುರ್ಗ ಫೋರ್ಟಿಫೈಡ್ ಐಲ್ಯಾಂಡ್, ಕೋಟೆ ಕಟ್ಟಿದ ದ್ವೀಪ. ಘಟ್ಟದ ಮೇಲಿನ ಬಿದನೂರು ಬೆದ್ನೋರ್. ಇನ್ನೂ ಹಳೆಯ ಹಾಳೆಗಳಲ್ಲಿ ಘಟ್ಟದಾಚೆಗೆ ನರಸಿಂಗ ಅಥವಾ ಬಿಸ್ನಗರ್ ಎಂದಿದ್ದರೆ ಅದು ವಿಜಯನಗರ.

ಅಕ್ಷರಗಳೂ ಮೋಸ ಮಾಡುತ್ತವೆ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ರೋಮನ್ ಲಿಪಿಯ ‘ಎಸ್’ ಅಕ್ಷರವನ್ನು ಪದದ ನಡುವೆ ಉದ್ದವಾಗಿ, ‘ಎಫ್’ ಹಾಗೆ ಕಾಣುವಂತೆ ಅಚ್ಚುಹಾಕುತ್ತಿದ್ದರು. ‘ಬಾರ್ಫೆಲೋರ್’ ಎಂದು ಓದಿ ಹೊಸ ಊರೊಂದು ಸಿಕ್ಕಿತೆಂದು ಹಿಗ್ಗಬೇಡಿ.

3. ಯಾರು, ಯಾವಾಗ, ಯಾರಿಗಾಗಿ ಮಾಡಿದರು ಎಂದು ತಿಳಿಯಿರಿ

ಇದು ದೀರ್ಘವಾದ ಭಾಗ. ನಿಜವಾದ ಸಂತೋಷ ಇರುವುದೂ ಇಲ್ಲಿಯೇ.

ಅಬ್ರಹಾಂ ಒರ್ಟೇಲಿಯಸ್ 1570ರಲ್ಲಿ ಆಂಟ್‌ವರ್ಪಿನಲ್ಲಿ ಹೊರತಂದ ಅಟ್ಲಾಸಿನ ಪೂರ್ವದೇಶಗಳ ಹಾಳೆಯಿಂದ ಹಲವರು ಸಂಗ್ರಹ ಆರಂಭಿಸಲು ಬಯಸುತ್ತಾರೆ. ಬೆನ್ನ ಮೇಲೆ ಅಚ್ಚಾದ ಬರಹವಿರುವುದು ಅದರ ಗುಣ. ಲ್ಯಾಟಿನ್, ಡಚ್, ಜರ್ಮನ್, ಫ್ರೆಂಚ್ ಹೀಗೆ ಆವೃತ್ತಿಗೊಂದು ಭಾಷೆ. ಬೆನ್ನಿನ ಭಾಷೆ ಮತ್ತು ಪುಟಸಂಖ್ಯೆಯನ್ನು ನೋಡಿ ಯಾವ ವರ್ಷದ ಆವೃತ್ತಿ ಎಂದು ಹೇಳಬಹುದು. ಆದ್ದರಿಂದ ಬೆನ್ನಿನ ಚಿತ್ರ ಕಳಿಸದ ಮಾರಾಟಗಾರನ ಜೊತೆ ಮಾತು ಮುಂದುವರಿಸಬೇಡಿ.

ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಕಡಲ ನಕ್ಷೆಗಳನ್ನು ಕೈಬರಹದಲ್ಲೇ ಗುಟ್ಟಾಗಿ ಇಟ್ಟುಕೊಂಡಿತ್ತು; ಯಾನ ಮುಗಿದ ಮೇಲೆ ಕಪ್ತಾನರು ಅವನ್ನು ಹಿಂದಿರುಗಿಸಬೇಕಿತ್ತು. ಪೂರ್ವ ಸಮುದ್ರಗಳ ಆ ಚಾರ್ಟುಗಳು ಆಮ್‌ಸ್ಟರ್‌ಡ್ಯಾಮಿನ ವಾನ್ ಕ್ಯೂಲೆನ್ ಮನೆತನದ ಕಡಲ ಅಟ್ಲಾಸಿನ ಆರನೆಯ ಭಾಗವಾಗಿ ಮುದ್ರಣ ಕಂಡದ್ದು 1753ರಲ್ಲಿ. ಅದಕ್ಕೂ ಹಿಂದಿನ, ಮುದ್ರಿತ ಡಚ್ ಕಂಪನಿ ಚಾರ್ಟ್ ಎಂದು ಯಾರಾದರೂ ತಂದರೆ ಎರಡು ಸಲ ಯೋಚಿಸಿ.

ಫ್ರೆಂಚರಲ್ಲಿ ಮೂವರು ಮುಖ್ಯರು. ಗಿಯೋಮ್ ದೆಲಿಲ್ 1723ರಲ್ಲಿ ಮಲಬಾರ್ ಮತ್ತು ಕೋರಮಂಡಲ ತೀರಗಳ ನಕ್ಷೆ ಮಾಡಿದ. ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಮರುಮುದ್ರಣವೂ ಆಯಿತು, ಹಾಗಾಗಿ ಪ್ರಕಾಶಕರ ಹೆಸರನ್ನು ಓದದೆ ಪ್ಯಾರಿಸ್ಸಿನ ಬೆಲೆ ಕೊಡಬೇಡಿ. ಫ್ರೆಂಚ್ ಕಂಪನಿಯ ಕಪ್ತಾನ ದಾಪ್ರೆ ದ ಮಾನ್ವಿಯೆಟ್ 1745ರಲ್ಲಿ ‘ಪೂರ್ವದ ನೆಪ್ಚೂನ್’ ಎಂಬರ್ಥದ ಚಾರ್ಟುಗಳ ಅಟ್ಲಾಸ್ ತಂದ. ತಿದ್ದಿ ಹಿಗ್ಗಿಸಿದ ಎರಡನೆಯ ಆವೃತ್ತಿ 1775ರದ್ದು. ಕಡಲ ಮೇಲೆ ಬದುಕಿದವನ ಕೆಲಸ ಅದು. ನನ್ನ ಮಟ್ಟಿಗೆ ನಮ್ಮ ತೀರದ ಹಳೆಯ ಚಾರ್ಟುಗಳಲ್ಲಿ ಇವನದಕ್ಕೆ ಮೊದಲ ಮಣೆ. ಮೂರನೆಯವನು ಜಾಕ್ ನಿಕೊಲಾ ಬೆಲ್ಯಾಂ. ಪ್ರವಾಸ ಕಥನಗಳಿಗೆ ಮಾಡಿದ ಅವನ ಸಣ್ಣ ನಕ್ಷೆಗಳು, 1764ರ ಸಣ್ಣ ಕಡಲ ಅಟ್ಲಾಸಿನ ಹಾಳೆಗಳು ಈಗಲೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಪುಸ್ತಕದ ಗಾತ್ರ, ಅಚ್ಚುಕಟ್ಟಾದ ಕೆತ್ತನೆ. ಮೊದಲ ಖರೀದಿಗೆ ಇವು ಹೇಳಿ ಮಾಡಿಸಿದಂತಿವೆ.

ಬ್ರಿಟಿಷರ ಕಡೆ ಜೇಮ್ಸ್ ರೆನೆಲ್ 1782ರಲ್ಲಿ ಹಿಂದೂಸ್ತಾನದ ನಕ್ಷೆ ತಂದ. ಮೈಸೂರಿನ ಜೊತೆಗಿನ ಯುದ್ಧಗಳು ಲಂಡನ್ನಿನಲ್ಲಿ ನಕ್ಷೆಗಳ ಹಸಿವನ್ನು ಕೆರಳಿಸಿದವು. 1792ರ ಒಪ್ಪಂದದ ನಂತರ ಯಾವ ಸೀಮೆ ಯಾರಿಗೆ ಹೋಯಿತೆಂದು ಬಣ್ಣ ಹಚ್ಚಿ ತೋರಿಸುವ ಹಾಳೆಗಳು ಬಂದವು, 1799ರಲ್ಲಿ ಟಿಪ್ಪು ಮಡಿದ ಮೇಲೆ ಇನ್ನೂ ಬಂದವು. ಬೆಂಗಳೂರು ಮತ್ತು ಮಂಗಳೂರು ಒಂದೇ ಹಾಳೆಯಲ್ಲಿ ವಿವರವಾಗಿ ಬೇಕೆನ್ನುವವರು ಈ ವರ್ಷಗಳಲ್ಲಿ ಹುಡುಕಬೇಕು.

ಹಳೆಯ ನಕ್ಷೆಗಳಲ್ಲಿ ಪರ್ಯಾಯ ದ್ವೀಪ ಸ್ವಲ್ಪ ದಪ್ಪವಾಗಿ ಕಾಣುವುದಕ್ಕೆ ಕಾರಣವಿದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ನೆಲವನ್ನು ಸರಪಳಿಯಿಂದ ಅಳೆದು ಕೆಲಸ ಆರಂಭಿಸಿದ, 1802ರಲ್ಲಿ ಮದರಾಸಿನಲ್ಲಿ ದೊಡ್ಡ ತ್ರಿಕೋನ ಸರ್ವೆಗೆ, ಅಂದರೆ ಗುರುತುಗಳ ನಡುವೆ ತ್ರಿಕೋನ ಕಟ್ಟಿ ಕೋನಗಳಿಂದ ದೂರ ಲೆಕ್ಕ ಹಾಕುವ ಸರ್ವೆಗೆ, ಅಡಿಪಾಯ ಹಾಕಿದ. ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆದುಕೊಂಡು ಬಂದಾಗ, 400 ಮೈಲಿ ಎಂದು ನಂಬಿದ್ದ ಅಗಲ 360 ಮೈಲಿ ಮಾತ್ರ ಎಂದು ತಿಳಿಯಿತು. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು, ಅದರದೇ ಮೈಲಿಗೆರೆಯಿಂದ ಲೆಕ್ಕ ಹಾಕಿ ನೋಡಿ. ನಕ್ಷೆ ಲ್ಯಾಂಬ್ಟನ್ನನ ಹಿಂದಿನದೋ ಮುಂದಿನದೋ ಎಂಬ ಸುಳಿವು ಸಿಗುತ್ತದೆ.

ಆಡಳಿತದ ಗಡಿಯಿಂದಲೂ ವರ್ಷ ಹೇಳಬಹುದು. ಕೆನರಾ ಇಡಿಯಾಗಿ ಮದರಾಸು ಪ್ರಾಂತ್ಯದಲ್ಲಿದ್ದರೆ ನಕ್ಷೆಯ ಮಾಹಿತಿ 1862ಕ್ಕಿಂತ ಹಿಂದಿನದು. ಆ ವರ್ಷ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು.

4. ಚಾರ್ಟನ್ನು ಓದುವ ಅಭ್ಯಾಸ ಮಾಡಿ

ನಕ್ಷೆ ನೆಲದ ಮೇಲೆ ನಡೆಯುವವರಿಗೆ, ಚಾರ್ಟ್ ಹಡಗು ನಡೆಸುವವರಿಗೆ. ಚಾರ್ಟಿನಲ್ಲಿ ನೆಲ ಬಹುಪಾಲು ಖಾಲಿ, ಸಮುದ್ರದ ತುಂಬ ಅಂಕಿಗಳು. ಆ ಅಂಕಿಗಳು ಆಳ. ಬ್ರಿಟಿಷ್ ಚಾರ್ಟುಗಳಲ್ಲಿ ಅದರ ಅಳತೆ ಫ್ಯಾದಮ್, ಅಂದರೆ ಆರು ಅಡಿ, ಸುಮಾರು 1.83 ಮೀಟರ್. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಎರಡೂ ಕೈ ಚಾಚಿದಷ್ಟು ಉದ್ದ, ನಮ್ಮ ಮಾರು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಮೇಲೆಳೆಯುವಾಗ ಮಾರು ಮಾರಾಗಿ ಎಣಿಸಿದ ಲೆಕ್ಕವದು.

ಗುಂಡಿನ ತಳಕ್ಕೆ ಕೊಬ್ಬು ಮೆತ್ತಿರುತ್ತಿದ್ದರು. ತಳದಲ್ಲಿದ್ದದ್ದು ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಅಂಕಿಯ ಪಕ್ಕದ ಸಣ್ಣ ಇಂಗ್ಲಿಷ್ ಅಕ್ಷರ ಅದನ್ನೇ ಹೇಳುತ್ತದೆ: ಎಂ ಎಂದರೆ ಕೆಸರು, ಎಸ್ ಎಂದರೆ ಮರಳು, ಆರ್ ಎಂದರೆ ಬಂಡೆ, ಎಸ್ ಮತ್ತು ಎಚ್ ಒಟ್ಟಿಗೆ ಇದ್ದರೆ ಚಿಪ್ಪು. ಲಂಗರಿನ ಚಿಹ್ನೆ ಇರುವಲ್ಲಿ ಹಡಗು ನಿಲ್ಲಿಸಬಹುದು. ಬಂದರಿನ ಹತ್ತಿರ ರೋಮನ್ ಅಂಕಿಯಲ್ಲಿ ಗಂಟೆ ಬರೆದಿದ್ದರೆ ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ಅಲ್ಲಿ ಉಬ್ಬರ ತುಂಬುವ ಹೊತ್ತು.

ಕೆಲವು ಚಾರ್ಟುಗಳ ಅಂಚಿನಲ್ಲಿ, ಸಮುದ್ರದಿಂದ ನೋಡಿದಾಗ ತೀರ ಹೇಗೆ ಕಾಣುತ್ತದೆ ಎಂಬ ಉದ್ದನೆಯ ಗೆರೆಚಿತ್ರಗಳಿರುತ್ತವೆ. ನಾವಿಕರು ಘಟ್ಟದ ಶಿಖರಗಳನ್ನು ನೋಡಿಯೇ ತಾವಿರುವ ಜಾಗ ಗುರುತಿಸುತ್ತಿದ್ದರು. ಕುದುರೆಮುಖಕ್ಕೆ ಆ ಹೆಸರು ಏಕೆ ಬಂತೆಂದು ಘಟ್ಟದ ಮೇಲೆ ನಿಂತವನಿಗಿಂತ ಕಡಲಲ್ಲಿ ನಿಂತವನಿಗೆ ಬೇಗ ತಿಳಿಯುತ್ತದೆ. ಇಂಥ ಚಿತ್ರವಿರುವ ಹಾಳೆ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ ಎನ್ನುತ್ತೇನೆ.

ರೇಖಾಂಶದಲ್ಲಿ ಎಡವುವವರು ಬಹಳ. ಇಂದು ಮಂಗಳೂರು ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 74 ಡಿಗ್ರಿ 50 ನಿಮಿಷದಲ್ಲಿದೆ. ಫ್ರೆಂಚ್ ಚಾರ್ಟಿನಲ್ಲಿ ಅದು 72 ಡಿಗ್ರಿ 30 ನಿಮಿಷದ ಹತ್ತಿರ ಇದ್ದರೆ ತಪ್ಪಲ್ಲ, ಅವರು ಪ್ಯಾರಿಸ್ಸಿನಿಂದ ಎಣಿಸುತ್ತಿದ್ದರು. 92 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಎಣಿಕೆ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪದಿಂದ. ಹಳೆಯ ಅಳತೆಯ ತಪ್ಪುಗಳೂ ಇದರೊಳಗೆ ಸೇರಿಕೊಂಡಿರುತ್ತವೆ ಎಂಬುದು ನೆನಪಿರಲಿ.

ಬ್ರಿಟಿಷ್ ನೌಕಾ ಇಲಾಖೆಯ, ಅಂದರೆ ಅಡ್ಮಿರಾಲ್ಟಿಯ, ಚಾರ್ಟುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಶೀರ್ಷಿಕೆಯ ಕೆಳಗಿನ ವರ್ಷ ಸರ್ವೆ ನಡೆದ ವರ್ಷ, ಅಚ್ಚಾದದ್ದಲ್ಲ. ಮುದ್ರಣಕ್ಕೆಂದು ಚಾರ್ಟನ್ನು ಕೆತ್ತಿದ ಒಂದೇ ತಾಮ್ರದ ತಗಡನ್ನು ತಿದ್ದಿ ತಿದ್ದಿ ದಶಕಗಟ್ಟಲೆ ಬಳಸುತ್ತಿದ್ದರು. ಕೆಳ ಅಂಚಿನಲ್ಲಿ ಪ್ರಕಟವಾದ ದಿನ, ಹೊಸ ಆವೃತ್ತಿ, ದೊಡ್ಡ ತಿದ್ದುಪಡಿ, ಸಣ್ಣ ತಿದ್ದುಪಡಿ ಎಂದು ವರ್ಷಗಳ ಸಾಲು ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕೊನೆಯ ವರ್ಷವೇ ನಿಮ್ಮ ಹಾಳೆಯ ವಯಸ್ಸು. 1850ರ ದಶಕದ ಚಾರ್ಟ್ ಎಂದು ಮಾರುವ ಹಾಳೆ 1920ರಲ್ಲಿ ಮುದ್ರಣವಾದದ್ದಿರಬಹುದು. ಹಾಗೆಂದು ಬೇಡವೆನ್ನಬೇಕಾಗಿಲ್ಲ, ಬೆಲೆ ಮಾತ್ರ 1920ರದ್ದಾಗಿರಬೇಕು.

ಖಾಸಗಿ ಪ್ರಕಾಶಕರ ಹತ್ತೊಂಬತ್ತನೆಯ ಶತಮಾನದ ಚಾರ್ಟುಗಳ ಬೆನ್ನಿಗೆ ಗಟ್ಟಿಯಾಗಲೆಂದು ನೀಲಿ ಕಾಗದ ಅಂಟಿಸುತ್ತಿದ್ದರು. ಅದನ್ನು ದುರಸ್ತಿಯ ತೇಪೆಯೆಂದು ತಿಳಿದು ಕಿತ್ತವರನ್ನು ಕಂಡಿದ್ದೇನೆ. ದಯವಿಟ್ಟು ಕೀಳಬೇಡಿ. ಕಪ್ತಾನನು ಪೆನ್ಸಿಲಿನಲ್ಲಿ ಎಳೆದ ದಾರಿಯ ಗೆರೆಗಳಿದ್ದರೆ ಅವನ್ನೂ ಅಳಿಸಬೇಡಿ.

5. ಎಲ್ಲಿ ಹುಡುಕುವುದು

ಬೆಂಗಳೂರಿನಲ್ಲಿ ಹಳೆಯ ನಕ್ಷೆಗಳಿಗೆಂದೇ ಬೀದಿಯೊಂದಿಲ್ಲ. ಅವೆನ್ಯೂ ರಸ್ತೆ ಮತ್ತು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ನಕ್ಷೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಹಳೆಯ ಗ್ಯಾಸೆಟಿಯರ್, ಜಿಲ್ಲಾ ಮ್ಯಾನುಯಲ್, ಪ್ರವಾಸ ಕಥನ ಇದೆಯೇ ಎಂದು ಕೇಳಿ. ಮಡಚಿದ ನಕ್ಷೆಗಳು ಅವುಗಳ ಹೊಟ್ಟೆಯೊಳಗಿರುತ್ತವೆ. 1883ರ ಬೊಂಬಾಯಿ ಗ್ಯಾಸೆಟಿಯರಿನ ಕೆನರಾ ಸಂಪುಟ, 1894–95ರ ದಕ್ಷಿಣ ಕನ್ನಡದ ಮ್ಯಾನುಯಲ್, ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಕಥನ ಈ ಹೆಸರುಗಳು ನಾಲಿಗೆಯ ಮೇಲಿರಲಿ. ಅಸಲಿ ಮುದ್ರಣವೋ ಇತ್ತೀಚಿನ ಮರುಮುದ್ರಣವೋ ಎಂದು ನೋಡಿಕೊಳ್ಳಿ.

ಕೊಳ್ಳದೆಯೇ ಕಣ್ಣು ಪಳಗಿಸಲು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ರಾಜ್ಯ ಪತ್ರಾಗಾರಗಳಿವೆ. ಹೋಲಿಕೆಗೆ ಬೇಕಾದ ಇಂದಿನ ಭೂಪಟಗಳಿಗೆ ಕೋರಮಂಗಲದ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ವಿಚಾರಿಸಿ. ಅವರ ಹಳೆಯ ಸಂಖ್ಯಾಕ್ರಮದಲ್ಲಿ ಕಾರವಾರ 48ಜೆ, ಉಡುಪಿ 48ಕೆ, ಮಂಗಳೂರು 48ಎಲ್ ಹಾಳೆಗಳಲ್ಲಿ ಬರುತ್ತವೆ. ಇಪ್ಪತ್ತನೆಯ ಶತಮಾನದ ಕರಾವಳಿ ಹಾಳೆಗಳ ಮೇಲೆ ‘ನಿರ್ಬಂಧಿತ’ ಎಂಬ ಮುದ್ರೆಯಿದ್ದರೆ ಅವನ್ನು ಕೊಳ್ಳುವುದು ಬೇಡ.

ಉಳಿದ ಖರೀದಿಯೆಲ್ಲ ಬಹುಮಟ್ಟಿಗೆ ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮಿನ ನಕ್ಷೆ ವ್ಯಾಪಾರಿಗಳಿಂದ ಮತ್ತು ಹರಾಜುಗಳಿಂದ ನಡೆಯುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್, ಸಾಗಣೆ, ಇಲ್ಲಿನ ಸುಂಕ ಸೇರುತ್ತವೆ. ಎಲ್ಲ ಕೂಡಿಸಿದ ಮೊತ್ತವನ್ನು ಕಾಗದದ ಮೇಲೆ ಬರೆದುಕೊಂಡೇ ಕೂಗಲು ಕುಳಿತುಕೊಳ್ಳಿ.

6. ಅಸಲಿಯೇ ಎಂದು ಪರೀಕ್ಷಿಸಿ

ನಾನು ಕೊಂಡ ಎರಡನೆಯ ‘ಹಳೆಯ’ ನಕ್ಷೆ ಚಹಾ ನೀರಿನಲ್ಲಿ ಅದ್ದಿ ತೆಗೆದ ಹೊಸ ಮುದ್ರಣವಾಗಿತ್ತು. ಮಾರಿದವನು ಸಭ್ಯವಾಗಿ ಮಾತನಾಡಿದ, ನಾನು ಭೂತಗನ್ನಡಿ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಅಂದಿನಿಂದ ಈ ಕ್ರಮವನ್ನು ಒಮ್ಮೆಯೂ ಬಿಟ್ಟಿಲ್ಲ.

ಮೊದಲು ಗೆರೆ. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣದ ಅಥವಾ ಕಪ್ಪು ಚುಕ್ಕೆಗಳ ಜಾಲ ಕಂಡರೆ ಅದು ಇಂದಿನ ಆಫ್‌ಸೆಟ್ ಮುದ್ರಣ. ಅಲ್ಲಿಗೆ ಪರೀಕ್ಷೆ ಮುಗಿಯಿತು. ತಾಮ್ರದ ಕೆತ್ತನೆಯಲ್ಲಿ ಗೆರೆ ಅಖಂಡವಾಗಿ ಹರಿದು ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ, ಶಾಯಿ ಕಾಗದದ ಮೇಲೆ ಕೊಂಚ ಉಬ್ಬಿರುತ್ತದೆ. ಕಲ್ಲಚ್ಚಿನಲ್ಲಿ, ಅಂದರೆ ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಒತ್ತಿದ ಮುದ್ರಣದಲ್ಲಿ, ಗೆರೆ ಚಪ್ಪಟೆ. ಆ ವಿಧಾನ ಹುಟ್ಟಿದ್ದೇ 1790ರ ದಶಕದ ಕೊನೆಯಲ್ಲಿ. ಆದ್ದರಿಂದ 1750ರ ವರ್ಷ ಹೊತ್ತ ಕಲ್ಲಚ್ಚಿನ ನಕ್ಷೆ ಅಸಲಿಯಾಗಿರಲು ಸಾಧ್ಯವಿಲ್ಲ.

ಎರಡನೆಯದು ತಗಡಿನ ಗುರುತು. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಬಲವಾಗಿ ಒತ್ತಿದಾಗ ನಕ್ಷೆಯ ಸುತ್ತ ತಗ್ಗಿದ ಚೌಕ ಮೂಡುತ್ತದೆ. ಬೆರಳಿನಿಂದ ಸವರಿದರೆ ತಿಳಿಯುತ್ತದೆ. ಅಂಚು ಕತ್ತರಿಸಿದ್ದರೆ ಅದು ಇರುವುದಿಲ್ಲ. ನಕಲಿ ಮಾಡುವವರು ಅದನ್ನು ಬೇರೆಯಾಗಿ ಒತ್ತುವುದೂ ಉಂಟು. ಇದೊಂದನ್ನೇ ನಂಬಬೇಡಿ.

ಮೂರನೆಯದು ಕಾಗದ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಳೆಯ ಕೈಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ ಅವಕ್ಕೆ ಅಡ್ಡಲಾಗಿ ಸುಮಾರು ಒಂದು ಅಂಗುಲಕ್ಕೊಂದರಂತೆ ದಪ್ಪ ಗೆರೆಗಳೂ ಕಾಣುತ್ತವೆ. ಕಾಗದ ಎತ್ತುವ ತಂತಿ ಜರಡಿಯ ಗುರುತು ಅವು. ಜೊತೆಗೆ ತಯಾರಕನ ನೀರುಗುರುತು ಕಂಡರೆ ಚಿತ್ರ ಬರೆದುಕೊಳ್ಳಿ. ಗೆರೆಯಿಲ್ಲದ ನುಣುಪು ಕಾಗದ ಇಂಗ್ಲೆಂಡಿನಲ್ಲಿ 1750ರ ದಶಕದಲ್ಲಿ ಬಂದರೂ ನಕ್ಷೆಗಳಲ್ಲಿ ಸಾಮಾನ್ಯವಾದದ್ದು ಆ ಶತಮಾನದ ಕೊನೆಯಲ್ಲಿ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚ್ ಬಿಡಿ: ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದರಲ್ಲಿ ಇಪ್ಪತ್ತನೆಯ ಶತಮಾನದ ಬಿಳುಪುಕಾರಕವಿದೆ.

ನಾಲ್ಕನೆಯದು ಬಣ್ಣ. ಹಳೆಯ ಹಸಿರಿನಲ್ಲಿ ತಾಮ್ರದ ಕಿಲುಬು ಇರುತ್ತಿತ್ತು. ಅದು ಶತಮಾನಗಳಲ್ಲಿ ಕಾಗದವನ್ನು ಸುಟ್ಟು ಬೆನ್ನಿಗೆ ಕಂದಾಗಿ ಇಳಿಯುತ್ತದೆ. ಮುಂದೆ ದಟ್ಟ ಹಸಿರು, ಹಿಂದೆ ಕಲೆಯೇ ಇಲ್ಲ ಎಂದಾದರೆ ಬಣ್ಣವನ್ನು ಇತ್ತೀಚೆಗೆ ಹಚ್ಚಿರಬಹುದು. ಚಾರ್ಟುಗಳಿಗೆ ಮೊದಲಿನಿಂದಲೂ ಬಣ್ಣ ಅಪರೂಪ. ಬಣ್ಣ ತುಂಬಿದ ಚಾರ್ಟಿಗಿಂತ ಬರಿಯ ಕಪ್ಪು ಬಿಳುಪಿನದು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಕೊನೆಯದಾಗಿ ಅಳತೆ. ನಕ್ಷೆಯ ಚೌಕಟ್ಟಿನ ಗೆರೆಯನ್ನು ಮಿಲಿಮೀಟರಿನಲ್ಲಿ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಗ್ರಂಥಾಲಯದ ಅಳತೆಗೆ ಹೋಲಿಸಿ. ಕಾಗದ ಕುಗ್ಗಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಒಂದೆರಡು ಸೆಂಟಿಮೀಟರ್ ಆದರೆ ಅದು ಬೇರೆ ತಗಡು ಅಥವಾ ನಕಲು.

ಅಸಲಿಯಾದರೂ ಕೊಳ್ಳಬಾರದವು ಇವೆ. ಗ್ರಂಥಾಲಯದ ಮುದ್ರೆ ಇರುವ, ಮುದ್ರೆ ಕೆರೆದ ಗುರುತಿರುವ ಹಾಳೆ ಕಂಡರೆ ಅದು ಹೊರಬಂದದ್ದು ಹೇಗೆ ಎಂಬುದಕ್ಕೆ ದಾಖಲೆ ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ ನಕ್ಷೆ ವ್ಯಾಪಾರಿ ಫೋರ್ಬ್ಸ್ ಸ್ಮೈಲಿ, ಬೇರೆ ಬೇರೆ ಗ್ರಂಥಾಲಯಗಳಿಂದ 97 ನಕ್ಷೆಗಳನ್ನು ಕದ್ದದ್ದಾಗಿ ಒಪ್ಪಿಕೊಂಡ. ಹಾಗೆಯೇ, ಇಡಿಯಾಗಿ ಉಳಿದ ಪುಸ್ತಕದಿಂದ ನಿಮಗೋಸ್ಕರ ನಕ್ಷೆಯನ್ನು ಕಿತ್ತು ಕೊಡುತ್ತೇನೆಂದು ಯಾರಾದರೂ ಹೇಳಿದರೆ ಪುಸ್ತಕವನ್ನೇ ಪೂರ್ತಿಯಾಗಿ ಕೊಳ್ಳಿ ಅಥವಾ ಎದ್ದು ಬನ್ನಿ. ಇದರಲ್ಲಿ ನನಗೆ ರಾಜಿಯಿಲ್ಲ. ನೂರಾರು ವರ್ಷ ಒಟ್ಟಿಗೆ ಉಳಿದು ಬಂದದ್ದನ್ನು ಒಡೆಯುವ ಹಕ್ಕು ನಮ್ಮ ಯಾರ ದುಡ್ಡಿಗೂ ಇಲ್ಲ.

7. ಬೆಲೆ ಮತ್ತು ಸ್ಥಿತಿ

ಮೊದಲ ಖರೀದಿಗೆ ಹದಿನೈದು ಸಾವಿರ ರೂಪಾಯಿಯ ಮಿತಿ ಹಾಕಿಕೊಳ್ಳಿ. ಹೆಸರಾಂತ ನಕ್ಷೆಯ ಕೆಟ್ಟ ಪ್ರತಿಗಿಂತ ಸಾಧಾರಣ ನಕ್ಷೆಯ ಒಳ್ಳೆಯ ಪ್ರತಿ ಮೇಲು. ನಡುವಿನ ಮಡಿಕೆ ಸಹಜ, ಅಟ್ಲಾಸಿನಿಂದ ಬಂದದ್ದರ ಸಾಕ್ಷಿ. ತೇವದಿಂದ ಬಂದ ಕಂದು ಚುಕ್ಕೆಗಳು ಅಲ್ಲಲ್ಲಿದ್ದರೆ ಸಹಿಸಬಹುದು. ಸೆಲೋ ಟೇಪ್, ಲ್ಯಾಮಿನೇಶನ್, ರಟ್ಟಿಗೆ ಪೂರ್ತಿ ಅಂಟಿಸಿದ ಹಾಳೆ ಇವನ್ನು ಬಿಟ್ಟುಬಿಡಿ.

ದುಡ್ಡು ಕೊಡುವ ಮೊದಲು ಬರವಣಿಗೆಯಲ್ಲಿ ಕೇಳಿ: ಯಾವ ಪುಸ್ತಕದಿಂದ, ಯಾವ ವರ್ಷದ ಮುದ್ರಣ, ಬಣ್ಣ ಆ ಕಾಲದ್ದೋ ಈಚಿನದೋ, ದುರಸ್ತಿ ಆಗಿದೆಯೇ, ಅಸಲಿಯಲ್ಲವೆಂದು ತಿಳಿದರೆ ಹಿಂದಕ್ಕೆ ಪಡೆಯುತ್ತಾರೆಯೇ. ಉತ್ತರಗಳು ಬಿಲ್ಲಿನ ಮೇಲೆ ಬರಬೇಕು.

8. ಕಾನೂನು ಮತ್ತು ಸುಂಕ

1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳೂ, ಐತಿಹಾಸಿಕ ಅಥವಾ ವೈಜ್ಞಾನಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಾದರೆ 75 ವರ್ಷ ದಾಟಿದವೂ ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ. ವಿದೇಶದಿಂದ ತರಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಮಗಳ ಮನೆಗೆಂದು ಮತ್ತೆ ವಿದೇಶಕ್ಕೆ ಒಯ್ಯುವಾಗ ತೊಡಕಾಗುತ್ತದೆ. ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ತರಿಸುವಾಗ ಪೊಟ್ಟಣದ ಮೇಲೆ ಸುಂಕ ವರ್ಗೀಕರಣದ ಸಂಖ್ಯೆ ಸರಿಯಾಗಿ ಇರಬೇಕು: ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ 9706, ಸಾಮಾನ್ಯ ಮುದ್ರಿತ ನಕ್ಷೆ ಮತ್ತು ಚಾರ್ಟುಗಳಿಗೆ 4905. ಮಾರುವವನಿಗೆ ಇದನ್ನು ಮುಂಚೆಯೇ ಬರೆದು ತಿಳಿಸಿ, ವಯಸ್ಸನ್ನು ನಮೂದಿಸಿದ ಬಿಲ್ಲನ್ನು ಪೊಟ್ಟಣದ ಹೊರಗೇ ಅಂಟಿಸಲು ಹೇಳಿ. ಕಡಿಮೆ ಬೆಲೆ ಬರೆಸಿ ಸುಂಕ ಉಳಿಸುವ ಯೋಚನೆ ಬೇಡ. ದಾರಿಯಲ್ಲಿ ಕಳೆದುಹೋದರೆ ವಿಮೆಯೂ ಅಷ್ಟೇ ಕೊಡುತ್ತದೆ.

9. ಬೆಂಗಳೂರಿನ ಮನೆಯಲ್ಲಿ ಇಡುವುದು

ನಮ್ಮ ಊರಿನ ಹವೆ ಕರಾವಳಿಯಷ್ಟು ಕಠಿಣವಲ್ಲ. ಆದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆಗಳು ತೇವ ಕುಡಿಯುತ್ತವೆ, ಮಾರ್ಚ್‌ನಲ್ಲಿ ಗಾಳಿ ಒಣಗಿ ಕಾಗದ ಬಿಗಿಯುತ್ತದೆ. ಈ ಹಿಗ್ಗುವಿಕೆ, ಕುಗ್ಗುವಿಕೆಯೇ ಶತ್ರು. ಹೊರಗೋಡೆಗೆ, ಬಚ್ಚಲಿನ ಗೋಡೆಗೆ, ಬಿಸಿಲು ಬೀಳುವ ಕಡೆಗೆ ನಕ್ಷೆ ತೂಗುಹಾಕಬೇಡಿ.

ತೂಗುಹಾಕದವನ್ನು ಚಪ್ಪಟೆಯಾಗಿ ಇಡಿ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಒಂದೊಂದನ್ನು ಸೇರಿಸಿ ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಮಂಚದ ಕೆಳಗೂ ಆಗುತ್ತದೆ, ನೆಲದಿಂದ ಒಂದು ಗೇಣು ಎತ್ತರದಲ್ಲಿದ್ದರೆ ಸಾಕು. ಅಂಗಡಿಯ ಸಾಮಾನ್ಯ ಪ್ಲಾಸ್ಟಿಕ್ ಕವರು ಬೇಡ, ಪಾಲಿಯೆಸ್ಟರ್ ಹಾಳೆಯ ಕವರಾದರೆ ಸರಿ. ನುಸಿಗುಳಿಗೆ, ಕರ್ಪೂರ, ಬೇವಿನೆಲೆ ಯಾವುದೂ ಕಾಗದವನ್ನು ಮುಟ್ಟಬಾರದು. ಮೂರು ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ಹಾಳೆ ಹಾಳೆ ನೋಡಿ. ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೂ ಗೆದ್ದಲಿಗೂ ಅದಕ್ಕಿಂತ ಒಳ್ಳೆಯ ಔಷಧವಿಲ್ಲ.

ಫ್ರೇಮ್ ಹಾಕಿಸುವಾಗ ಅಂಗಡಿಯಲ್ಲಿ ನಿಂತು ಮಾಡಿಸಿ. ನಕ್ಷೆಗೂ ಗಾಜಿಗೂ ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಬೇಕು, ಹಿಂದೆ ಪ್ಲೈವುಡ್ ತಾಗಬಾರದು, ನೇರಳಾತೀತ ಕಿರಣ ತಡೆಯುವ ಗಾಜು ಹಾಕಬೇಕು. ‘ಸ್ವಲ್ಪ ಅಂಚು ಕತ್ತರಿಸಿದರೆ ಚೆನ್ನಾಗಿ ಕೂರುತ್ತದೆ’ ಎಂದರೆ ನಕ್ಷೆಯನ್ನು ಎತ್ತಿಕೊಂಡು ಹೊರಬನ್ನಿ.

ಹರಿದದ್ದನ್ನು ನೀವೇ ಅಂಟಿಸಬೇಡಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಸಂಸ್ಥೆ ನಡೆಸಿಕೊಂಡು ಬಂದ ಕಲಾಕೃತಿ ಸಂರಕ್ಷಣಾ ಕೇಂದ್ರ ನಮ್ಮ ಊರಿನಲ್ಲೇ ಇದೆ, ಅಂಥವರನ್ನು ಕೇಳಿ. ಅವರು ಬಳಸುವ ಜಪಾನಿ ಕಾಗದ ಮತ್ತು ಗೋಧಿ ಗಂಜಿಯನ್ನು ಮುಂದೆ ಬೇಕಾದಾಗ ಬಿಡಿಸಬಹುದು, ಫೆವಿಕಾಲ್ ಅನ್ನು ಬಿಡಿಸಲಾಗದು.

10. ದಾಖಲೆ ಬರೆಯಿರಿ

ಪ್ರತಿ ಹಾಳೆಗೂ ಒಂದು ಪುಟ. ಮಾಡಿದವನ ಹೆಸರು, ಪ್ರಕಾಶಕ, ವರ್ಷ, ಅಳತೆ, ನೀರುಗುರುತು, ಯಾರಿಂದ ಎಷ್ಟಕ್ಕೆ ಕೊಂಡದ್ದು, ಬಿಲ್ಲಿನ ಪ್ರತಿ, ಮುಂದೆ ಹಿಂದೆ ಎರಡೂ ಬದಿಯ ಚಿತ್ರ. ನಕ್ಷೆಯ ಮೇಲೆ ಏನನ್ನೂ ಬರೆಯಬೇಡಿ. ಕ್ರಮಸಂಖ್ಯೆ ಬೇಕೇ ಬೇಕೆಂದರೆ ಬೆನ್ನಿನ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ.

ಪುಟದ ಕೆಳಗರ್ಧವನ್ನು ಊರುಗಳ ಹೆಸರಿಗೆ ಬಿಡಿ. ಎಡಕ್ಕೆ ನಕ್ಷೆಯಲ್ಲಿರುವ ಹೆಸರು, ಬಲಕ್ಕೆ ಇಂದಿನದು. ಮುಂದಿನ ಸಲ ಊರಿಗೆ ಹೋಗುವಾಗ ನಕ್ಷೆಯ ದೊಡ್ಡ ಛಾಯಾಪ್ರತಿ ಮಾಡಿಸಿಕೊಂಡು ದಕ್ಕೆಯ ಹಿರಿಯ ಮೀನುಗಾರರ ಮುಂದೆ ಹರಡಿ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳ ಅಳಿವೆ ಬಾಗಿಲು ಮರಳಿನ ಓಡಾಟದಿಂದ ಜಾಗ ಬದಲಿಸುತ್ತಲೇ ಬಂದಿದೆ. ಹಳೆಯ ಬಾಗಿಲು ಎಲ್ಲಿತ್ತೆಂದು ಕೇಳಿ. ಚಾರ್ಟಿನಲ್ಲಿ ಹೆಸರಿಲ್ಲದೆ ಬರಿಯ ಚುಕ್ಕೆಯಾಗಿರುವ ಬಂಡೆಗಳಿಗೆ ಅವರಲ್ಲಿ ಹೆಸರುಗಳಿರುತ್ತವೆ. ಹೇಳಿದವರ ಊರು ಮತ್ತು ದಿನಾಂಕದೊಂದಿಗೆ ಬಲಗಡೆಯ ಸಾಲಿನಲ್ಲಿ ಬರೆದುಕೊಳ್ಳಿ.